ಹಂಡೆಯ ತಕರಾರು

ಕೊಕಟನೂರಿನ ನಮ್ಮ ದೊಡ್ಡಪ್ಪನವರ ಬಚ್ಚಲಮನೆಯಲ್ಲಿ ಒಂದು ತಾಮ್ರದ ಹಂಡೆ ಇತ್ತು. ಆರೇಳು ಕೊಡ ನೀರು ಹಿಡಿಯುವ ಹಂಡೆ. ಹೊರಮೈ ಹೊಗೆಗೆ ಕಪ್ಪಾದರೂ ಕಂಠ ಮಾತ್ರ ಹುಣಿಸೆಹಣ್ಣಿನ ತಿಕ್ಕಿಗೆ ಸದಾ ಹೊಳೆಯುತ್ತಿತ್ತು. ಅಥಣಿ ತಾಲೂಕಿನ ಈ ಊರನ್ನು ಎಲ್ಲಮ್ಮನ ಗುಡಿಯ ನಿಮಿತ್ತ ಹಲವರು ಬಲ್ಲರು. ನನಗೆ ಊರೆಂದರೆ ಮೊದಲು ನೆನಪಾಗುವುದು ಆ ಹಂಡೆ. ಏಕೆಂದರೆ ಅದು ಒಮ್ಮೆ ಜಪ್ತಿಯಾಗಿ ಹೋಗಿ, ಕೋರ್ಟಿನಲ್ಲಿ ನಿಂತು, ತಿರುಗಿ ಮನೆಗೆ ಬಂದ ಹಂಡೆ.

ಸಂಗತಿ 1969ರದು. ದೊಡ್ಡಪ್ಪ ಸಮೀಪದ ಪೇಟೆಯಿಂದ ಸಾಯಂಕಾಲ ಸೈಕಲ್ಲಿನ ಮೇಲೆ ಹೊರಟಿದ್ದರು. ಹ್ಯಾಂಡಲ್ಲಿಗೆ ಚಿಮಣಿ ಎಣ್ಣೆಯ ಪುಟ್ಟ ದೀಪ. ಪೇಟೆ ದಾಟುವ ಮೊದಲೇ ಗಾಳಿಗೆ ಅದು ಆರಿತು. ಆರಿದ್ದನ್ನು ಅವರಿಗಿಂತ ಮೊದಲು ಪೋಲೀಸರು ಕಂಡರು. ದೀಪವಿಲ್ಲದೆ ಸೈಕಲ್ ಹೊಡೆದ ಅಪರಾಧ. ಕೋರ್ಟಿನಲ್ಲಿ ನೂರಾರು ಇಂಥ ಕೇಸುಗಳ ಸಾಲಿನಲ್ಲಿ ನಿಂತು, ಪಕ್ಕದವರು ಹೇಳಿದಂತೆ 'ತಪ್ಪಾಯ್ತರೀ' ಎಂದರು. ದಂಡ 5 ರೂಪಾಯಿ. ಕೈಯಲ್ಲಿ ಅಷ್ಟು ಇರಲಿಲ್ಲವಾಗಿ ಮುದ್ದತು ಬೇಡಿದರು, ಮುದ್ದತು ಸಿಕ್ಕಿತು. ಊರಿಗೆ ಬಂದರೆ ಜೋಳದ ಸುಗ್ಗಿ. ಮರೆತೇಹೋಯಿತು.

ಕೆಲವು ತಿಂಗಳ ಮೇಲೆ ಒಂದು ಮುಂಜಾನೆ ವಾರಂಟು ಹಿಡಿದು ಒಬ್ಬ ಪೋಲೀಸ, ಜೊತೆಗೆ ಇಬ್ಬರು ಪಂಚರು. ನಮ್ಮ ಕಡೆ ದಿವಾಣಿ ಕೋರ್ಟಿನಿಂದ ಜಪ್ತಿಗೆ ಬರುವವನು ಬೇಲಿಫ. ಫೌಜದಾರಿ ದಂಡದ ವಸೂಲಿಗೆ ಬರುವವನು ಪೋಲೀಸ. ಊರವರಿಗೆ ಆ ಭೇದವಿಲ್ಲ. 'ಜಪ್ತಿ ಮಂದಿ ಬಂದಾರ' ಎಂಬ ಒಂದೇ ಮಾತು ಓಣಿಯ ತುಂಬ ಹಬ್ಬಿತು. ದೊಡ್ಡಪ್ಪ ಹೊಲದಲ್ಲಿದ್ದರು. ಹೊರಗೆ ತೆಗೆಯಲು ಯೋಗ್ಯವಾದ ವಸ್ತು ಹಂಡೆಯೊಂದೇ. ದೊಡ್ಡವ್ವ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ಅಳಲೂ ಇಲ್ಲ.

"ಹಂಡೇ ನನ್ನದೈತ್ರೀ. ನಮ್ಮಪ್ಪ ಕೊಟ್ಟದ್ದು. ದಂಡ ಅವರಿಗೆ ಬಿದ್ದೈತಿ, ನನಗಲ್ಲ" ಎಂದಳು.

"ಅದನ್ನ ಸಾಹೇಬರ ಮುಂದ ಹೇಳವ್ವಾ" ಎಂದು ಪೋಲೀಸ ಪಂಚನಾಮೆ ಬರೆಸಿದ.

ಇಲ್ಲಿ ಕಥೆಯನ್ನು ತಡೆದು, ಅಂದು ಓಣಿಯಲ್ಲಿ ಹರಿದಾಡಿದ ಶಬ್ದಗಳತ್ತ ನೋಡಬೇಕೆನಿಸುತ್ತದೆ. ಭಾಷೆಯ ಮಾಸ್ತರನಿಗೆ ಇದು ಬಿಡದ ಚಾಳಿ. 'ದಂಡ' ಸಂಸ್ಕೃತದ್ದು: ಕೋಲೂ ಹೌದು, ಕೋಲಿನ ಏಟಿಗೆ ಬದಲು ತೆರುವ ಹಣವೂ ಹೌದು. 'ಜಪ್ತಿ' ಅರಬಿಯಿಂದ ಪಾರಸಿಯ ಮುಖಾಂತರ ಬಂದದ್ದು. ಬಿಗಿಹಿಡಿಯುವುದು ಎಂದು ಅದರ ಮೂಲಾರ್ಥ. ಹಿಡಿದದ್ದನ್ನು ಮಾರುವ 'ಲಿಲಾವು' ಪೋರ್ತುಗೀಜರದು, ಗೋವೆಯ ದಾರಿಯಿಂದ ಘಟ್ಟ ಹತ್ತಿದ್ದು. 'ಬೇಲಿಫ' ಇಂಗ್ಲಿಷಿನವನು, ಅವನ ವಂಶವನ್ನು ಹಿಂದೆ ಹಿಂದೆ ಹುಡುಕಿದರೆ ಲ್ಯಾಟಿನ್ ಭಾಷೆಯ ಹೊರೆ ಹೊರುವ ಆಳಿನಲ್ಲಿ ನಿಲ್ಲುತ್ತದೆ. ಹಂಡೆಯನ್ನು ಹೆಗಲ ಮೇಲಿಟ್ಟುಕೊಂಡು ಹೋದವನಿಗೆ ಇದಕ್ಕಿಂತ ಒಪ್ಪುವ ಕುಲ ಯಾವುದಿದ್ದೀತು? ಇನ್ನು 'ತಕರಾರು'. ಅರಬಿಯಲ್ಲಿ ಅದಕ್ಕೆ ಜಗಳವೆಂಬ ಅರ್ಥವಿಲ್ಲ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು ಎಂದಷ್ಟೇ.

ಸಾಲವನ್ನಾಗಲಿ ದಂಡವನ್ನಾಗಲಿ ವಸೂಲು ಮಾಡುವವನು ಮನೆಯ ಬಾಗಿಲಿಗೆ ಬಂದ ಮೇಲೆ ಮನೆಯವನು ಏನು ಹೇಳಬಹುದು, ಯಾರ ಮುಂದೆ ಹೇಳಬಹುದು? ಪೇಶವೆಯವರ ಕಾಲದ ಕೊನೆಯಲ್ಲಿ ಈ ಪ್ರಶ್ನೆಗೆ ಉತ್ತರವೇ ಇರಲಿಲ್ಲ. 1818ರಲ್ಲಿ ರಾಜ್ಯ ಗೆದ್ದ ಬಳಿಕ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1819ರಲ್ಲಿ ಬರೆದ ವರದಿಯಲ್ಲಿ 'ತಗಾದೆ'ಯ ವರ್ಣನೆ ಬರುತ್ತದೆ. ಇಂದು ನಾವು ಬಾಯಿಮಾತಿನ ಒತ್ತಾಯಕ್ಕೆ ಹೇಳುವ ತಗಾದೆಗೂ ಅದಕ್ಕೂ ಬಹಳ ಅಂತರ. ಕೊಡಬೇಕಾದವನ ಬಾಗಿಲಲ್ಲಿ ಕಾವಲು ಕೂಡಿಸುವುದು, ಉಣ್ಣಗೊಡದಿರುವುದು, ತಲೆಯ ಮೇಲೆ ಕಲ್ಲು ಹೊರಿಸಿ ಸುಡುಬಿಸಿಲಲ್ಲಿ ಒಂಟಿಕಾಲಿನ ಮೇಲೆ ನಿಲ್ಲಿಸುವುದು, ಇವೆಲ್ಲ ತಗಾದೆಯೇ. ಪಂಚರನ್ನು ಕೂಡಿಸಿ ನ್ಯಾಯ ಹೇಳಿಸಿಕೊಳ್ಳುವ ಪದ್ಧತಿಯೂ ಇತ್ತೆಂಬುದನ್ನು ಅದೇ ವರದಿ ಹೇಳುತ್ತದೆ. ಆದರೆ ತಲೆಯ ಮೇಲೆ ಕಲ್ಲು ಹೊತ್ತವನು ಪಂಚರನ್ನು ಕರೆಯಲು ಹೋಗುವುದು ಹೇಗೆ?

ಇಂಗ್ಲಿಷರ ಕೋರ್ಟುಗಳು ಬಂದು ಕಲ್ಲು ಇಳಿಯಿತು, ಕಾಗದ ಬಂತು. 1859ರ ದಿವಾಣಿ ಸಂಹಿತೆಯ ಕಾಲಕ್ಕೆ ಹೊಸ ಸಂಕಟ ಕಾಣಿಸಿಕೊಂಡಿತು. ಸಾಹುಕಾರ ಫಿರ್ಯಾದು ಹಾಕುವನು. ಸಮನ್ಸು ರೈತನಿಗೆ ಮುಟ್ಟದು, ಮುಟ್ಟಿದರೂ ಅವನಿಗೆ ಓದಲು ಬಾರದು, ಓದಿಸಿಕೊಂಡರೂ ಕೋರ್ಟಿನ ಊರಿಗೆ ಹೋಗುವ ಧೈರ್ಯವಿರದು. ತೀರ್ಪು ಏಕತರ್ಫಿ ಆಗುವುದು. ರೈತನಿಗೆ ತನ್ನ ಮೇಲೆ ದಾವೆ ನಡೆದದ್ದು ಗೊತ್ತಾಗುತ್ತಿದ್ದುದು ಬೇಲಿಫ ಅಂಗಳದಲ್ಲಿ ನಿಂತಾಗ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನ ಪೇಟೆಯಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲದ ಕಾಗದಗಳನ್ನು ಸುಟ್ಟರು. ನೆರೆಯ ಊರುಗಳಿಗೆ ಅದು ಹಬ್ಬಿತು. ಹಣಕ್ಕೆ ಕೈ ಹಚ್ಚಿದ್ದಕ್ಕಿಂತ ಕಾಗದಕ್ಕೆ ಬೆಂಕಿ ಹಚ್ಚಿದ್ದೇ ಹೆಚ್ಚು. ವಿಚಾರಣೆಗೆ ನೇಮಕವಾದ ಆಯೋಗದ ಮುಂದೆ ಈ ಏಕತರ್ಫಿ ತೀರ್ಪುಗಳ ಸಂಗತಿ ಮತ್ತೆ ಮತ್ತೆ ಬಂತು. ಅದರ ಫಲವೇ 1879ರ ದಖ್ಖನ್ ಒಕ್ಕಲಿಗರ ಪರಿಹಾರ ಕಾಯಿದೆ. ಸಾಲಕ್ಕಾಗಿ ಒಕ್ಕಲಿಗನನ್ನು ಸೆರೆಗೆ ಹಾಕಬಾರದು; ಒತ್ತೆ ಇಡದ ಹೊಲವನ್ನು ಜಪ್ತಿ ಮಾಡಬಾರದು; ಬರೆದುಕೊಟ್ಟ ಕಾಗದವನ್ನಷ್ಟೇ ನೋಡದೆ ಸಾಲದ ಪೂರ್ವೇತಿಹಾಸವನ್ನು ಕೋರ್ಟು ತಾನೇ ಕೆದಕಬೇಕು. ಮೊದಲು ಪುಣೆ, ಸೊಲ್ಲಾಪುರ, ಅಹಮದನಗರ, ಸಾತಾರಾ ಈ ನಾಲ್ಕು ಜಿಲ್ಲೆಗಳಿಗಿದ್ದ ಕಾಯಿದೆಯ ಬಹುಭಾಗ 1905ರ ಹೊತ್ತಿಗೆ ಮುಂಬಯಿ ಇಲಾಖೆಯ ಉಳಿದ ಕಡೆಗೂ ಬಂತು. ಹಾಗೆ ನಮ್ಮ ಬೆಳಗಾವಿ ಜಿಲ್ಲೆಗೂ.

1908ರ ದಿವಾಣಿ ಸಂಹಿತೆಯನ್ನು ನಾನು ಕಾಯಿದೆಯ ಪುಸ್ತಕವೆಂದು ಓದಲಿಲ್ಲ, ಒಂದು ಮನೆಯ ವರ್ಣನೆಯೆಂದು ಓದಿದೆ. ಅದರ 60ನೆಯ ಕಲಮು ಬೇಲಿಫ ಮುಟ್ಟಬಾರದ ವಸ್ತುಗಳನ್ನು ಹೇಳುತ್ತದೆ. ಉಟ್ಟ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮಾಚಾರದಂತೆ ಹೆಂಗಸು ಮೈಯಿಂದ ತೆಗೆಯಲಾಗದ ಒಡವೆ, ಒಕ್ಕಲಿಗನ ಎತ್ತು ನೇಗಿಲು, ಬೀಜದ ಕಾಳು, ಕುಶಲಕರ್ಮಿಯ ಹತ್ಯಾರ. 62ನೆಯದು ಸೂರ್ಯ ಮುಳುಗಿದ ಮೇಲೆ, ಮೂಡುವ ಮೊದಲು ವಾಸದ ಮನೆಯೊಳಗೆ ಕಾಲಿಡಬಾರದೆನ್ನುತ್ತದೆ. ಸಾಲಗಾರ ತಾನೇ ಒಳಗಿದ್ದು ಬಾಗಿಲು ತೆರೆಯಲು ಒಲ್ಲೆನೆಂದ ಹೊರತು ಹೊರಬಾಗಿಲು ಒಡೆಯುವಂತಿಲ್ಲ. ಇಂಗ್ಲೆಂಡಿನಲ್ಲಿಯೂ ಈ ಮರ್ಯಾದೆ ಹಳೆಯದು. 1215ರ ಮ್ಯಾಗ್ನಾ ಕಾರ್ಟಾ ದಂಡ ಹಾಕುವಾಗ ವ್ಯಾಪಾರಿಗೆ ಸರಕನ್ನೂ ಒಕ್ಕಲಿಗನಿಗೆ ಬೇಸಾಯದ ಸಾಧನವನ್ನೂ ಉಳಿಸಬೇಕೆಂದಿತು. 1267ರ ಮಾರ್ಲ್‌ಬರೋ ಶಾಸನ ರಾಜಮಾರ್ಗದ ಮೇಲೆ ಖಾಸಗಿಯವರು ಯಾರ ಸೊತ್ತನ್ನೂ ಹಿಡಿಯಕೂಡದೆಂದಿತು.

ಬಚ್ಚಲ ಹಂಡೆ ಅಡಿಗೆಯ ಪಾತ್ರೆಯೋ ಅಲ್ಲವೋ ಎಂಬ ವಾದವನ್ನು ಯಾರಾದರೂ ವಕೀಲರು ಹೂಡಬಹುದಾಗಿತ್ತು. ಆದರೆ ಈ ಕಲಮುಗಳು ದಿವಾಣಿಯವು. ನಮ್ಮ ದೊಡ್ಡಪ್ಪನದು ಫೌಜದಾರಿ ದಂಡ. ಅಂದು ಜಾರಿಯಲ್ಲಿದ್ದದ್ದು 1898ರ ದಂಡ ಪ್ರಕ್ರಿಯಾ ಸಂಹಿತೆ. ಅದರ 386ನೆಯ ಕಲಮು ಅಪರಾಧಿಯ ಚರಸೊತ್ತನ್ನು ಹಿಡಿದು ಮಾರಬಹುದೆಂದು ಹೇಳಿ, ಜೊತೆಗೆ ಒಂದು ಸಣ್ಣ ಕಿಂಡಿಯನ್ನು ಬಿಟ್ಟಿತ್ತು. ಹಿಡಿದ ವಸ್ತು ತನ್ನದೆಂದು ಅಪರಾಧಿಯಲ್ಲದ ಬೇರೊಬ್ಬರು ಹಕ್ಕು ಸಾಧಿಸಿದರೆ ಅದನ್ನು ಸಂಕ್ಷೇಪವಾಗಿ ವಿಚಾರಿಸುವುದಕ್ಕೆ ಸರಕಾರ ನಿಯಮ ಮಾಡಬಹುದು. 1973ರ ಸಂಹಿತೆಯ 421ನೆಯ ಕಲಮಿನಲ್ಲೂ ಈ ಕಿಂಡಿ ಹಾಗೆಯೇ ಉಳಿಯಿತು. ದೊಡ್ಡವ್ವನಿಗೆ ಕಲಮು ಗೊತ್ತಿರಲಿಲ್ಲ, ಕಿಂಡಿ ಗೊತ್ತಿತ್ತು.

ಅವಳ ಮಾತಿನ ಹಿಂದೆ ಇನ್ನೂ ಹಳೆಯ ಆಧಾರವಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ನಮ್ಮ ಇಂದಿನ ಬಸವಕಲ್ಯಾಣದಲ್ಲಿ, ಕುಳಿತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ತವರಿನವರು ಕೊಟ್ಟದ್ದನ್ನಷ್ಟೇ ಅಲ್ಲದೆ ಹೆಣ್ಣಿಗೆ ಬೇರೆ ದಾರಿಯಿಂದ ಬಂದ ಸೊತ್ತನ್ನೂ ಸ್ತ್ರೀಧನವೆಂದು ಎಣಿಸಿದವನು ಅವನು. ಬರಗಾಲ, ಅವಶ್ಯವಾದ ಧರ್ಮಕಾರ್ಯ, ರೋಗ, ಸೆರೆ ಈ ನಾಲ್ಕು ಸಂಕಟಗಳಲ್ಲಿ ಗಂಡನು ಹೆಂಡತಿಯ ಧನವನ್ನು ಬಳಸಿದರೆ ಹಿಂದಿರುಗಿಸಲೇಬೇಕೆಂಬ ಕಟ್ಟಿಲ್ಲ ಎಂದು ಸ್ಮೃತಿ ಹೇಳುತ್ತದೆ. ಗಂಡ ಸೆರೆಗೆ ಬಿದ್ದರೆ ಹೆಂಡತಿಯ ಹಂಡೆ ಮಾರಬಹುದು. ಆದರೆ ಮಾರುವವನು ಗಂಡ, ರಾಜನ ಆಳಲ್ಲ.

ಸಾಕ್ಷಿಯೇನು? ಹಂಡೆಯ ಕಂಠ. ನಮ್ಮ ಕಡೆ ಮದುವೆಯಲ್ಲಿ ಕೊಡುವ ಭಾಂಡೆಗಳ ಮೇಲೆ ಹೆಸರು ಕೊರೆಸುವುದು ರೂಢಿ. ದೊಡ್ಡವ್ವನ ತಂದೆಯ ಹೆಸರು, ಅವಳ ಹೆಸರು, ಮದುವೆಯ ಇಸವಿ ಮೂರೂ ಅಲ್ಲಿದ್ದವು. ಅರ್ಜಿ ಬರೆಯುವವನಿಗೆ ಎಂಟಾಣೆ ಕೊಟ್ಟು ಅವಳು ಅರ್ಜಿ ಬರೆಸಿದಳು. ಮ್ಯಾಜಿಸ್ಟ್ರೇಟರು ಹಂಡೆಯನ್ನು ತರಿಸಿ, ಹೊರಳಿಸಿ, ಕೊರೆದ ಅಕ್ಷರಗಳನ್ನು ತಾವೇ ಓದಿದರಂತೆ. ಹಂಡೆ ಬಿಡುಗಡೆಯಾಯಿತು. ಗ್ರಾಂಥಿಕ ಸಾಕ್ಷ್ಯಕ್ಕೂ ಶಾಸನ ಸಾಕ್ಷ್ಯಕ್ಕೂ ಇರುವ ತಾರತಮ್ಯವನ್ನು ನಾನು ತರಗತಿಯಲ್ಲಿ ಮೂವತ್ತು ವರ್ಷ ವಿವರಿಸಿದ್ದೇನೆ. ಈ ಉದಾಹರಣೆಯನ್ನು ಮಾತ್ರ ಏಕೋ ಹೇಳಲಿಲ್ಲ.

ಜಪ್ತಿಯ ಎದುರು ಹೆಂಗಸರು ನಿಂತದ್ದು ನಮ್ಮ ನಾಡಿನಲ್ಲಿ ಅದೇ ಮೊದಲಲ್ಲ. ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರಗಳ ಕರನಿರಾಕರಣೆಯಲ್ಲಿ ಹೊಲ, ದನ, ಪಾತ್ರೆಗಳು ಲಿಲಾವಿಗೆ ಹೋದಾಗ, 1932ರಲ್ಲಿ ಮಾವಿನಗುಂಡಿಯಲ್ಲಿ ಹೆಂಗಸರು ಜಪ್ತಿಯ ಮಾಲು ಕೊಂಡವರ ಮನೆಯ ಮುಂದೆ ಉಪವಾಸ ಕುಳಿತರು. ಅವರ ತಕರಾರು ಸರಕಾರದೊಡನೆ ಇದ್ದಂತೆ ನೆರೆಯವನೊಡನೆಯೂ ಇತ್ತು: ಹರಾಜು ಕೂಗಲಿ, ನೀನು ಕೊಳ್ಳಬೇಡ. 1937ರಲ್ಲಿ ಅಧಿಕಾರಕ್ಕೆ ಬಂದ ಮುಂಬಯಿ ಪ್ರಾಂತದ ಕಾಂಗ್ರೆಸ್ ಸರಕಾರ ಕಾಯಿದೆ ಮಾಡಿ ಹೋದ ಜಮೀನುಗಳನ್ನು ಮರಳಿ ಕೊಡಿಸುವ ಏರ್ಪಾಡು ಮಾಡಿತು. 1942ರ ಚಳವಳಿಯಲ್ಲಿ ಊರಿಗೆ ಊರೇ ತೆರಬೇಕಾಗಿದ್ದ ಪುಂಡಗಂದಾಯ ಬಂತು. ಅಲ್ಲಿ 'ನಾನು ಮಾಡಲಿಲ್ಲ' ಎಂಬ ಮಾತಿಗೇ ಎಡೆಯಿರಲಿಲ್ಲ. ಸ್ವತಂತ್ರ ಭಾರತದಲ್ಲಿ ಮಲಪ್ರಭೆಯ ಅಭಿವೃದ್ಧಿ ಕರ ಮತ್ತು ನೀರಿನ ಕರದ ವಸೂಲಿ 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ರೈತರ ಸಾವಿಗೆ ಕಾರಣವಾಯಿತು. ಮುಂದೆ ರೈತಸಂಘದವರು ಜಪ್ತಿಯಾದ ಸಾಮಾನನ್ನು ಕಚೇರಿಯಿಂದ ತಿರುಗಿ ಹೊತ್ತು ತರುವ 'ಮರುಜಪ್ತಿ'ಯನ್ನೇ ನಡೆಸಿದರು. ಅದು ಬೇರೆಯದೇ ಅಧ್ಯಾಯ.

ಈಗ ಕಾಲ ಬದಲಾಗಿದೆ. ಪೋಲೀಸನ ಜಾಗದಲ್ಲಿ ಕಂಬದ ಮೇಲಿನ ಕ್ಯಾಮರಾ. ಕ್ಯಾಮರಾ ಮುಖ ನೋಡುವುದಿಲ್ಲ, ನಂಬರು ನೋಡುತ್ತದೆ. ನಂಬರಿನ ಹಿಂದೆ ನೋಂದಣಿಯಲ್ಲಿರುವ ಹೆಸರು ಯಾರದೋ ಅವನಿಗೆ ದಂಡದ ಚೀಟಿ. ನನ್ನ ಶಿಷ್ಯನೊಬ್ಬ ಮಾರಿಬಿಟ್ಟಿದ್ದ ಸ್ಕೂಟರು ಎಲ್ಲೋ ಸಿಗ್ನಲ್ ಹಾರಿದ್ದಕ್ಕೆ ಇವನಿಗೆ ಚೀಟಿ ಬಂದಿತ್ತು. ಮಾರಿದವನು 14 ದಿನಗಳೊಳಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮು ಹೇಳುತ್ತದೆ, ಇವನು ತಿಳಿಸಿರಲಿಲ್ಲ. ಕಂಠದ ಮೇಲಿನ ಹೆಸರು ದೊಡ್ಡವ್ವನನ್ನು ಉಳಿಸಿತ್ತು, ಇವನನ್ನು ಸಿಕ್ಕಿಸಿತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರೊಂದರಲ್ಲೇ 100 ಕೋಟಿ ರೂಪಾಯಿಗೂ ಮಿಕ್ಕಿ ಸಂದಾಯವಾಯಿತು. ತಕರಾರು ಇದ್ದವರೂ ಅರ್ಧ ಕೊಟ್ಟು ಕೈತೊಳೆದುಕೊಂಡಿರಬೇಕು; ಇವನೂ ಹಾಗೇ ಮಾಡಿದ.

ಇಂಗ್ಲೆಂಡಿನಲ್ಲಿ ನಗರಸಭೆಗಳು ಹಾಕುವ ಪಾರ್ಕಿಂಗ್ ದಂಡ ತೆರದಿದ್ದರೆ ಮೊತ್ತ ಅರ್ಧದಷ್ಟು ಏರಿ, ನಾರ್ಥಾಂಪ್ಟನ್ ಎಂಬ ಊರಿನ ಕೇಂದ್ರದಲ್ಲಿ ದಾಖಲಾಗಿ, ಬೇಲಿಫನ ಕೈಗೆ ವಾರಂಟು ಹೋಗುತ್ತದೆ. 2014ರಿಂದ ಅಲ್ಲಿ ಬೇಲಿಫನಿಗೆ ಬೇರೆ ಸೌಮ್ಯವಾದ ಹೆಸರು ಬಂದಿದೆ, ಜನ ಮಾತ್ರ ಹಳೆಯದನ್ನೇ ಕರೆಯುತ್ತಾರೆ. ಅವನು ಬಾಗಿಲಿಗೆ ಬಂದ ಮೇಲೂ ಅವಧಿ ಮೀರಿದ ಅರ್ಜಿ ಕೊಡಲು ಅವಕಾಶವುಂಟು. ಆದರೆ ಅದರಲ್ಲಿ 'ನಾನು ಅಲ್ಲಿ ಗಾಡಿ ನಿಲ್ಲಿಸಿರಲಿಲ್ಲ' ಎಂದು ಬರೆದರೆ ಫಲವಿಲ್ಲ. ನೋಟೀಸು ನನಗೆ ಮುಟ್ಟಲಿಲ್ಲ, ಮನವಿ ಕೊಟ್ಟೆ ಉತ್ತರ ಬರಲಿಲ್ಲ, ಹಣ ಕಟ್ಟಿದ್ದೇನೆ, ಇಂಥವನ್ನೇ ಹೇಳಬೇಕು. ಒಪ್ಪಿಗೆಯಾದರೆ ವಸೂಲಿಯ ಆಜ್ಞೆ ರದ್ದಾಗಿ ಪ್ರಕರಣ ಹಿಂದಿನ ಮೆಟ್ಟಿಲಿಗೆ ಇಳಿಯುತ್ತದೆ; ಆಗ ಮೂಲದ ಮಾತು. ನಮ್ಮಲ್ಲಿಯೂ ದಿವಾಣಿಯ ಏಕತರ್ಫಿ ತೀರ್ಪನ್ನು ರದ್ದುಪಡಿಸಲು ಸಮನ್ಸು ಸರಿಯಾಗಿ ಮುಟ್ಟಿರದಿದ್ದರೆ ತೀರ್ಪು ಗೊತ್ತಾದ ದಿನದಿಂದ 30 ದಿನ ಎಣಿಸುತ್ತಾರೆ. ಜಪ್ತಿಯ ಮುಂಚೆ ಕೇಳುವ ಪ್ರಶ್ನೆ ನೀನು ಮಾಡಿದೆಯೋ ಎಂಬುದು. ಜಪ್ತಿಯ ನಂತರ ಕೇಳುವುದು ಕಾಗದ ಮುಟ್ಟಿತೋ, ಹಂಡೆ ಯಾರದು ಎಂಬುದು.

ಇದರಲ್ಲಿ ಸೋತವರು ನಮ್ಮ ದೊಡ್ಡಪ್ಪ. ಅವರಿಗೆ ಹೇಳಲಿಕ್ಕೆ ಒಂದು ಮಾತಿತ್ತು: ದೀಪ ಇತ್ತು, ಗಾಳಿಗೆ ಆರಿತ್ತು. ಸರದಿಯಲ್ಲಿ ನಿಂತ ದಿನ 'ತಪ್ಪಾಯ್ತರೀ' ಎಂದುಬಿಟ್ಟದ್ದರಿಂದ ಅದನ್ನು ಯಾರೂ ಕೇಳಲಿಲ್ಲ. ಅಂಥ ಚಿಲ್ಲರೆ ದಂಡಕ್ಕೆ ಅಪೀಲೂ ಇರಲಿಲ್ಲ. ಹಂಡೆ ಬಿಡಿಸಿಕೊಂಡು ಬಂದ ದಿನವೇ ದೊಡ್ಡವ್ವ ಸೆರಗಿನ ಗಂಟಿನಿಂದ 5 ರೂಪಾಯಿ ತೆಗೆದುಕೊಟ್ಟು ದಂಡ ಕಟ್ಟಿಸಿದಳು. ರಸೀದಿಯನ್ನು ತಾನೇ ಇಟ್ಟುಕೊಂಡಳು.

ಹಂಡೆ ಈಗ ನನ್ನ ಮನೆಯಲ್ಲಿದೆ. ಬಚ್ಚಲಿಗೆ ವಿದ್ಯುತ್ತಿನ ಗೀಜರು ಬಂದ ಮೇಲೆ ಅದರೊಳಗೆ ಹಳೆಯ ಪತ್ರಿಕೆಗಳನ್ನು ತುಂಬಿದ್ದೇನೆ. ಕೊರೆದ ಇಸವಿ ಸವೆದು ಅಳಿಸಿದೆ, ಹೆಸರುಗಳು ಓದಲು ಬರುತ್ತವೆ. ದೊಡ್ಡಪ್ಪ ಮುಪ್ಪಿನಲ್ಲಿ ಹಾಸಿಗೆ ಹಿಡಿದಾಗಲೂ, ಯಾರಾದರೂ ಹಂಡೆಯ ಕೇಸಿನ ಮಾತು ತೆಗೆದರೆ ಗೋಡೆಯ ಕಡೆ ಹೊರಳಿ, "ದೀಪ ಇತ್ತೋ ತಮ್ಮಾ" ಎನ್ನುತ್ತಿದ್ದರು.