ಹಡಗು ಯಾರದು? - ಕ್ಯಾಪ್ಟನ್ ಕಿಡ್ ಮತ್ತು ಕಾಣೆಯಾದ ಎರಡು ರಹದಾರಿ

ಮನೆ ಯಾರದು ಅಂತ ಕೇಳಿದರೆ ಖಾತೆ ತೋರಿಸಬಹುದು. ಗದ್ದೆ ಯಾರದು ಅಂದರೆ ಪಹಣಿ ಇದೆ. ಆದರೆ ಮುನ್ನೂರು ಚಿಲ್ಲರೆ ವರ್ಷಗಳ ಹಿಂದೆ ನಡುಸಮುದ್ರದಲ್ಲಿ ಒಂದು ಹಡಗನ್ನು ತಡೆದು ನಿಲ್ಲಿಸಿ "ಇದು ಯಾರದು?" ಅಂತ ಕೇಳಿದ್ದರೆ ಉತ್ತರ ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ.

ಒಂದು ಹಡಗನ್ನೇ ನೋಡಿ. ಸೂರತ್ತಿನಿಂದ ಬಂಗಾಳಕ್ಕೆ ಹೋಗಿ ವಾಪಸ್ ಬರುತ್ತಿದೆ. ಬಾಡಿಗೆಗೆ ಹಿಡಿದವರು ಆರ್ಮೇನಿಯನ್ ವ್ಯಾಪಾರಿಗಳು. ಸರಕಿನಲ್ಲಿ ಒಂದು ಪಾಲು ಔರಂಗಜೇಬನ ಆಸ್ಥಾನದ ದೊಡ್ಡ ಮನುಷ್ಯನೊಬ್ಬನದು. ಕ್ಯಾಪ್ಟನ್ ಇಂಗ್ಲಿಷಿನವನು. ಅವನ ಕೈಕೆಳಗೆ ಡಚ್ಚರು, ಜೊತೆಗೊಬ್ಬ ಮುದಿ ಫ್ರೆಂಚ್ ಫಿರಂಗಿಗಾರ. ಪೆಟ್ಟಿಗೆಯಲ್ಲಿ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ ಕೊಟ್ಟ ರಹದಾರಿ. ಈಗ ಹೇಳಿ, ಇದು ಯಾವ ದೇಶದ ಹಡಗು?

ಈ ಹಡಗಿನ ಹೆಸರು ಕ್ವೆಡಾ ಮರ್ಚೆಂಟ್. ಇದನ್ನು ಹಿಡಿದವನು ಕ್ಯಾಪ್ಟನ್ ವಿಲಿಯಂ ಕಿಡ್. ಮೇಲಿನ ಪ್ರಶ್ನೆಗೆ ಸರಿಯಾದ ಉತ್ತರ ಸಾಬೀತು ಮಾಡಲಾಗದೆ 1701ರಲ್ಲಿ ಅವನು ಲಂಡನ್ನಿನಲ್ಲಿ ನೇಣಿಗೇರಿದ. ಕಿಡ್ ಎಂದರೆ ನಮಗೆಲ್ಲ ಹೂತಿಟ್ಟ ನಿಧಿಯ ಕತೆಗಳು ನೆನಪಾಗುತ್ತವೆ. ನನಗೆ ನಿಧಿಗಿಂತ ಅವನ ವಿಚಾರಣೆಯ ವರದಿಯೇ ಹೆಚ್ಚು ರೋಚಕ ಅನ್ನಿಸಿತು. ಅದಕ್ಕೇ ಈ ಬರಹ.

ಮೊದಲು ಆಗಿನ ಕಾನೂನು ಸ್ವಲ್ಪ ಗೊತ್ತಿರಬೇಕು. ಯುದ್ಧದ ಕಾಲದಲ್ಲಿ ರಾಜನಿಂದ ಸನ್ನದು ಪಡೆದ ಖಾಸಗಿ ಹಡಗಿನವರು ಶತ್ರುವಿನ ಹಡಗನ್ನು ಹಿಡಿಯಬಹುದಿತ್ತು. ಆದರೆ ಹಿಡಿದ ಕೂಡಲೇ ಅದು ಅವರದಾಗುತ್ತಿರಲಿಲ್ಲ. ಹಡಗು, ಸರಕು, ಕಾಗದಪತ್ರ, ಕೆಲವು ಖಲಾಸಿಗಳು, ಎಲ್ಲವನ್ನೂ ಅಡ್ಮಿರಾಲ್ಟಿ ಕೋರ್ಟಿನ ಮುಂದೆ ತರಬೇಕು. ಅದು ನಿಜವಾಗಿಯೂ ಶತ್ರುವಿನ ಸೊತ್ತು ಎಂದು ಕೋರ್ಟು ತೀರ್ಪು ಕೊಡಬೇಕು. ಮಿತ್ರರದೋ ತಟಸ್ಥರದೋ ಆಗಿದ್ದರೆ ವಾಪಸ್ ಕೊಡಬೇಕು. ಕಡಲ್ಗಳ್ಳನಿಗೂ ಸನ್ನದುದಾರನಿಗೂ ಇದ್ದ ವ್ಯತ್ಯಾಸ ಇಷ್ಟೇ. ಒಬ್ಬ ಕೋರ್ಟಿಗೆ ಬರುತ್ತಾನೆ, ಇನ್ನೊಬ್ಬ ಬರುವುದಿಲ್ಲ.

ಕೋರ್ಟಿನಲ್ಲಿ ಸಿಕ್ಕಿಬಿದ್ದ ಹಡಗಿನ ಕ್ಯಾಪ್ಟನ್ನನ್ನೂ ಒಂದಿಬ್ಬರು ಖಲಾಸಿಗಳನ್ನೂ ಪ್ರಮಾಣ ಮಾಡಿಸಿ ಕೂರಿಸುತ್ತಿದ್ದರು. ಪ್ರಶ್ನೆಗಳ ಪಟ್ಟಿ ಮೊದಲೇ ಸಿದ್ಧ. ನೀನು ಹುಟ್ಟಿದ್ದು ಎಲ್ಲಿ? ಈಚೆಗೆ ಎಲ್ಲಿ ವಾಸ? ಯಾವ ರಾಜನ ಪ್ರಜೆ? ಹಡಗು ಕಟ್ಟಿದ್ದು ಎಲ್ಲಿ? ಅದರ ಒಡೆಯರು ಯಾರು? ಸರಕು ತುಂಬಿದವರು ಯಾರು, ಯಾರ ಲೆಕ್ಕಕ್ಕೆ, ಎಲ್ಲಿ ಇಳಿಸಬೇಕಿತ್ತು? ಕಾಗದಗಳನ್ನು ಸುಟ್ಟಿರಾ, ಸಮುದ್ರಕ್ಕೆ ಎಸೆದಿರಾ, ಬಚ್ಚಿಟ್ಟಿರಾ? ಎಲ್ಲಕ್ಕಿಂತ ಮುಖ್ಯವಾದದ್ದು, "ಇದು ನಿನಗೆ ಹೇಗೆ ಗೊತ್ತು?"

ಈ ಕೊನೆಯ ಪ್ರಶ್ನೆಯಲ್ಲೇ ಇರುವುದು ಮಜಾ. ಯಾಕೆಂದರೆ ಕಾಗದಗಳು ಸುಳ್ಳು ಹೇಳುತ್ತಿದ್ದವು. ಯುದ್ಧ ಶುರುವಾದ ಕೂಡಲೇ ಡಚ್ ವ್ಯಾಪಾರಿಯ ಹಡಗು ರಾತ್ರೋರಾತ್ರಿ ಹ್ಯಾಂಬರ್ಗಿನವನ ಹೆಸರಿಗೆ ಮಾರಾಟವಾಗಿಬಿಡುತ್ತಿತ್ತು, ಕಾಗದದ ಮೇಲೆ ಮಾತ್ರ. ಕೆಲವು ಹಡಗುಗಳು ಎರಡೆರಡು ಜೊತೆ ಕಾಗದ ಇಟ್ಟುಕೊಂಡು ತಿರುಗುತ್ತಿದ್ದವು. ಮೇಲಾಗಿ ಒಂದು ಹಡಗಿಗೆ ಒಬ್ಬನೇ ಒಡೆಯ ಇರುವುದೂ ಅಪರೂಪ. ಹದಿನಾರರಲ್ಲಿ ಒಂದು, ಮೂವತ್ತೆರಡರಲ್ಲಿ ಒಂದು ಅಂತ ಪಾಲು ಹಂಚಿಕೊಂಡವರು ಬೇರೆ ಬೇರೆ ಊರುಗಳಲ್ಲಿ ಇರುತ್ತಿದ್ದರು. ಹಾಗಾಗಿ ಓದುಬರಹ ಬಾರದ ಖಲಾಸಿಯ ಮಾತಿಗೆ ಬೆಲೆ ಇತ್ತು. ಸಂಬಳ ಯಾರು ಕೊಟ್ಟರು, ಬಂದರಿನಲ್ಲಿ ಸರಕು ತುಂಬುವಾಗ ನಿಂತು ನೋಡಿಕೊಂಡವರು ಯಾರು, ಬೇಲುಗಳ ಮೇಲೆ ಯಾವ ಗುರುತು ಇತ್ತು, ಇದನ್ನೆಲ್ಲ ಅವನು ಕಣ್ಣಾರೆ ಕಂಡಿರುತ್ತಾನಲ್ಲ!

ಇಂಥ ಕೋರ್ಟಿಗೆ ಶತ್ರುವಿನ ಹಡಗುಗಳನ್ನು ತಂದೊಪ್ಪಿಸಬೇಕಾಗಿದ್ದ ಮನುಷ್ಯ ಕಿಡ್. ಸ್ಕಾಟ್ಲೆಂಡಿನವನು, ನ್ಯೂಯಾರ್ಕಿನಲ್ಲಿ ನೆಲೆಸಿದ್ದವನು. 1695ರ ಡಿಸೆಂಬರಿನಲ್ಲಿ ಫ್ರೆಂಚ್ ಹಡಗುಗಳನ್ನು ಹಿಡಿಯುವ ಸನ್ನದು ಸಿಕ್ಕಿತು. ಮರುತಿಂಗಳು ಕಡಲ್ಗಳ್ಳರನ್ನು ಹಿಡಿಯುವ ಇನ್ನೊಂದು ಆಜ್ಞಾಪತ್ರ. ದುಡ್ಡು ಹಾಕಿದವರು ಸಣ್ಣವರಲ್ಲ, ಲಾರ್ಡ್ ಬೆಲ್ಲೊಮಾಂಟ್ ಮುಂತಾದ ವಿಗ್ ಪಕ್ಷದ ದೊರೆಗಳು. ಹಡಗು 34 ಫಿರಂಗಿಗಳ 'ಅಡ್ವೆಂಚರ್ ಗ್ಯಾಲಿ'. ಖಲಾಸಿಗಳಿಗೆ ಸಂಬಳ ಇಲ್ಲ. ಬೇಟೆ ಸಿಕ್ಕರೆ ಪಾಲು, ಇಲ್ಲದಿದ್ದರೆ ಖಾಲಿ ಕೈ.

1697ರ ಸೆಪ್ಟೆಂಬರಿನಲ್ಲಿ ಈ ಹಡಗು ಬಂದು ನಿಂತದ್ದೆಲ್ಲಿ ಗೊತ್ತೇ? ನಮ್ಮ ಕಾರವಾರದಲ್ಲಿ! ಅಲ್ಲಿ ಇಂಗ್ಲಿಷ್ ಕಂಪನಿಯ ಕೋಠಿ ಇತ್ತು. ಕಿಡ್ ನೀರು, ಸೌದೆ ತುಂಬಿಸಿಕೊಳ್ಳಲು ಬಂದಿದ್ದ. ಅಷ್ಟು ಹೊತ್ತಿಗಾಗಲೇ ಅವನು ಮೋಖಾದಿಂದ ಹೊರಟ ಹಡಗುಗಳ ಹಿಂಡಿನ ಮೇಲೆ ಬೀಳಲು ಹೋಗಿ, ಕಾವಲಿಗಿದ್ದ ಕಂಪನಿಯ ಹಡಗಿನಿಂದ ಓಡಿಸಿಕೊಂಡು ಬಂದಿದ್ದ. ಕಾರವಾರದಲ್ಲಿ ಅವನ ಕೆಲವು ಜನ ಹಡಗು ಬಿಟ್ಟರು. ಅವರಲ್ಲಿ ಬೆಂಜಮಿನ್ ಫ್ರಾಂಕ್ಸ್ ಎಂಬ ಯಹೂದಿ ಒಡವೆ ವ್ಯಾಪಾರಿ ಒಬ್ಬ, ಜೊನಾಥನ್ ಟ್ರೆಡ್ವೇ ಎಂಬ ನಾವಿಕ ಇನ್ನೊಬ್ಬ. ಫ್ರಾಂಕ್ಸ್ ಮುಂದಿನ ತಿಂಗಳು ಮುಂಬಯಿಯಲ್ಲಿ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ ಇಂದಿಗೂ ಉಳಿದಿದೆ. ಹಾಗೆ ನೋಡಿದರೆ ಕಿಡ್ ವಿರುದ್ಧದ ಸಾಕ್ಷಿ ಶುರುವಾದದ್ದೇ ಕಾರವಾರದಿಂದ ಅನ್ನಬಹುದು.

ಇನ್ನು ಕ್ವೆಡಾ ಮರ್ಚೆಂಟ್. 1698ರ ಜನವರಿ 30, ಕೊಚ್ಚಿಯ ಹತ್ತಿರದ ಸಮುದ್ರ. ಕಿಡ್ ತನ್ನ ಹಡಗಿಗೆ ಫ್ರೆಂಚ್ ಬಾವುಟ ಏರಿಸಿ ಬೆನ್ನಟ್ಟಿದ. ಆ ಕಡೆಯವರು ಬಾವುಟ ನೋಡಿ, ಓಹೋ ಫ್ರೆಂಚರು, ಅಂದುಕೊಂಡು ತಮ್ಮಲ್ಲಿದ್ದ ಮುದಿ ಫ್ರೆಂಚ್ ಫಿರಂಗಿಗಾರನನ್ನೇ ಕ್ಯಾಪ್ಟನ್ ಎಂಬಂತೆ ಕಳಿಸಿದರು. ಅವನ ಕೈಯಲ್ಲಿ ಫ್ರೆಂಚ್ ರಹದಾರಿ. ಕಿಡ್ ಕಾಯುತ್ತಿದ್ದದ್ದೂ ಅದಕ್ಕೇ. ಫ್ರೆಂಚ್ ರಹದಾರಿ ಇದ್ದರೆ ಫ್ರೆಂಚ್ ಹಡಗು, ಫ್ರೆಂಚ್ ಹಡಗಾದರೆ ಸನ್ನದಿನ ಪ್ರಕಾರ ನನ್ನ ಬೇಟೆ! ನವೆಂಬರಿನಲ್ಲೂ ಇದೇ ಉಪಾಯದಿಂದ ಒಂದು ಸಣ್ಣ ಹಡಗು ಹಿಡಿದಿದ್ದ. ಈ ಬಾರಿ ನಿಜವಾದ ಕ್ಯಾಪ್ಟನ್ ಜಾನ್ ರೈಟ್ ಎಂಬ ಇಂಗ್ಲಿಷಿನವನು ಎಂದು ಆಮೇಲೆ ಗೊತ್ತಾಯಿತು. ಹಡಗಿನಲ್ಲಿದ್ದ ಆರ್ಮೇನಿಯನ್ ವ್ಯಾಪಾರಿ ಕೋಜಾ ಬಾಬಾ ಮತ್ತು ಜೊತೆಯವರು 20,000 ರೂಪಾಯಿ ಕೊಡುತ್ತೇವೆ, ಹಡಗು ಬಿಟ್ಟುಬಿಡಿ ಅಂದರು. ಕಿಡ್ ಒಪ್ಪಲಿಲ್ಲ. ಒಂದಷ್ಟು ಸರಕನ್ನು ಕೇರಳದ ಕರಾವಳಿಯಲ್ಲೇ ಮಾರಿದ, ದುಡ್ಡು ಹಂಚಿದ. ಒಟ್ಟು 160 ಪಾಲು, ಅದರಲ್ಲಿ ಕಿಡ್‌ದು 40.

ಈ ಸುದ್ದಿ ಸೂರತ್ತಿಗೆ ಮುಟ್ಟಿದಾಗ ಏನಾಗಿರಬೇಡ! 1695ರಲ್ಲಷ್ಟೇ ಹೆನ್ರಿ ಎವರಿ ಎಂಬ ಇಂಗ್ಲಿಷ್ ಕಡಲ್ಗಳ್ಳ ಮೊಘಲರ 'ಗಂಜ್-ಇ-ಸವಾಯಿ' ಹಡಗನ್ನು ದೋಚಿದ್ದ. ಆಗ ಕಂಪನಿಯ ಇಂಗ್ಲಿಷರನ್ನೆಲ್ಲ ಬಂಧನದಲ್ಲಿಟ್ಟಿದ್ದರು. ಈಗ ಮತ್ತೆ ಅದೇ. ಕಂಪನಿಗೆ ಇಂಡಿಯಾದಲ್ಲಿ ವ್ಯಾಪಾರ ಉಳಿಯಬೇಕಾದರೆ ಕಿಡ್‌ನನ್ನು ಕಡಲ್ಗಳ್ಳ ಎಂದು ಸಾರಲೇಬೇಕಿತ್ತು.

ಕಿಡ್ 1699ರ ಜುಲೈಯಲ್ಲಿ ಬಾಸ್ಟನ್ನಿನಲ್ಲಿ ಬಂಧನಕ್ಕೊಳಗಾದ. ಅದಕ್ಕೆ ಮೊದಲೇ ಎರಡೂ ಫ್ರೆಂಚ್ ರಹದಾರಿಗಳನ್ನು ನಂಬಿಕೆಯಿಂದ ಬೆಲ್ಲೊಮಾಂಟ್‌ಗೆ ಒಪ್ಪಿಸಿದ್ದ. ಅವು ಲಂಡನ್ ತಲುಪಿದವು, ಪಾರ್ಲಿಮೆಂಟಿನ ಮುಂದೆಯೂ ಬಂದವು. 1701ರ ಮೇ 8 ಮತ್ತು 9ರಂದು ಓಲ್ಡ್ ಬೇಲಿಯಲ್ಲಿ ಅಡ್ಮಿರಾಲ್ಟಿ ವಿಚಾರಣೆ ನಡೆದಾಗ ಮಾತ್ರ ಅವು ಇರಲಿಲ್ಲ!

ಆರೋಪಪಟ್ಟಿಯಲ್ಲಿ ಸರಕಿನ ಲೆಕ್ಕ ಪಕ್ಕಾ ಇದೆ. 70 ಪೆಟ್ಟಿಗೆ ಅಫೀಮು, 250 ಚೀಲ ಸಕ್ಕರೆ, 20 ಬೇಲು ಕಚ್ಚಾ ರೇಷ್ಮೆ, 100 ಬೇಲು ಕ್ಯಾಲಿಕೊ, 200 ಬೇಲು ಮಸ್ಲಿನ್, 3 ಬೇಲು ರುಮಾಲು (ಹೌದು, ನಮ್ಮ ರುಮಾಲೇ). ಎಲ್ಲದಕ್ಕೂ ಪೌಂಡಿನಲ್ಲಿ ಬೆಲೆ ಕಟ್ಟಿದ್ದಾರೆ. ಆದರೆ ಇದೆಲ್ಲ ಯಾರದು? ಜೂರಿಗಳಿಗೆ ಗೊತ್ತಿಲ್ಲದ ಯಾರೋ ಕೆಲವರದು ಎಂದು ಬರೆದು ಮುಗಿಸಿದ್ದಾರೆ. ಅದು ಆಗಿನ ಕೋರ್ಟಿನ ಮಾಮೂಲಿ ಒಕ್ಕಣೆ ಇರಬಹುದು. ಆದರೂ ಓದುವಾಗ ಒಂದು ಕ್ಷಣ ನಿಂತುಬಿಟ್ಟೆ. ರುಮಾಲಿನ ಬೇಲು ಮೂರು ಎಂದು ಎಣಿಸಿದವರಿಗೆ ಅದರ ಒಡೆಯನ ಹೆಸರು ಬೇಕಾಗಲಿಲ್ಲ.

ಕಿಡ್ ವಿರುದ್ಧ ಮುಖ್ಯ ಸಾಕ್ಷಿಗಳು ಇಬ್ಬರು. ಹಡಗಿನ ವೈದ್ಯ ರಾಬರ್ಟ್ ಬ್ರಾಡಿನ್‌ಹ್ಯಾಮ್, ಖಲಾಸಿ ಜೋಸೆಫ್ ಪಾಮರ್. ಇಬ್ಬರೂ ಸರ್ಕಾರದ ಪರ ಸಾಕ್ಷಿ ಹೇಳಿ ತಲೆ ಉಳಿಸಿಕೊಂಡವರು. ಆಗ ಇಂಥ ಮೊಕದ್ದಮೆಯಲ್ಲಿ ಕಾನೂನಿನ ಅಂಶಕ್ಕಷ್ಟೇ ವಕೀಲರ ನೆರವು. ಸಾಕ್ಷಿಗಳ ಪಾಟೀಸವಾಲನ್ನು ಆರೋಪಿಯೇ ಮಾಡಬೇಕು. ಕಿಡ್ ಕೇಳಿದ್ದೆಲ್ಲ ಒಂದೇ ವಿಷಯ. ಫ್ರೆಂಚ್ ರಹದಾರಿ ಇತ್ತೋ ಇಲ್ಲವೋ? ಇತ್ತು ಅಂತ ನಿಮ್ಮ ಬಾಯಿಂದ ಕೇಳಿದ್ದೇವೆ, ಕಣ್ಣಾರೆ ನೋಡಿಲ್ಲ ಎಂಬ ಧಾಟಿಯ ಉತ್ತರ. ಡೇವಿಸ್ ಎಂಬ ಪ್ರಯಾಣಿಕನೊಬ್ಬ ಆ ಕಾಗದಗಳ ಬಗ್ಗೆ ಕಿಡ್ ಪರವಾಗಿ ಹೇಳಿದ. ಆದರೆ ಕಾಗದವೇ ಮುಂದಿಲ್ಲದೆ ಅವನ ಮಾತು ನಿಲ್ಲಲಿಲ್ಲ. ನ್ಯಾಯಾಧೀಶರ ಪ್ರಶ್ನೆ ಬೇರೆಯೇ ಇತ್ತು. ಫ್ರೆಂಚ್ ಹಡಗೇ ಆಗಿದ್ದರೆ ಕೋರ್ಟಿಗೆ ತಂದು ತೀರ್ಪು ಯಾಕೆ ಪಡೆಯಲಿಲ್ಲ? ತೀರ್ಪಿಗೆ ಮುಂಚೆ ಸರಕು ಯಾಕೆ ಹಂಚಿದೆ? ನನ್ನ ಜನ ನನ್ನ ಮಾತು ಕೇಳಲಿಲ್ಲ ಅಂದ ಕಿಡ್. ಯಾರೂ ನಂಬಲಿಲ್ಲ. ತನ್ನ ಫಿರಂಗಿಗಾರ ವಿಲಿಯಂ ಮೂರ್‌ನನ್ನು ಬಕೆಟ್ಟಿನಿಂದ ಹೊಡೆದು ಕೊಂದ ಆರೋಪದಲ್ಲಿ ಮೊದಲೇ ತಪ್ಪಿತಸ್ಥನಾಗಿದ್ದ. ಈಗ ಕಡಲ್ಗಳ್ಳತನವೂ ಸೇರಿತು. ಮೇ 23ರಂದು ಥೇಮ್ಸ್ ದಡದ ವಾಪಿಂಗ್‌ನಲ್ಲಿ ನೇಣು. ಮೊದಲ ಸಲ ಹಗ್ಗ ತುಂಡಾಯಿತು, ಎರಡನೇ ಸಲ ಏರಿಸಿದರು.

ಸುಮಾರು ಇನ್ನೂರು ವರ್ಷಗಳ ನಂತರ, ಇಪ್ಪತ್ತನೇ ಶತಮಾನದ ಆರಂಭದಲ್ಲಿ, ರಾಲ್ಫ್ ಪೇನ್ ಎಂಬ ಅಮೆರಿಕನ್ ಲೇಖಕನಿಗೆ ಲಂಡನ್ನಿನ ಸರ್ಕಾರಿ ದಫ್ತರಖಾನೆಯಲ್ಲಿ ಆ ರಹದಾರಿಗಳು ಸಿಕ್ಕವು! 1911ರಲ್ಲಿ ಅವನು ಅದನ್ನು ಪುಸ್ತಕದಲ್ಲಿ ಪ್ರಕಟಿಸಿದ. ಅಂದಿನಿಂದ "ಕಿಡ್ ನಿರಪರಾಧಿ, ಮೋಸ ಮಾಡಿ ಕೊಂದರು" ಎಂಬ ಮಾತು ಜೋರಾಯಿತು.

ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅವನಿಗೆ ನ್ಯಾಯ ಸಿಗಲಿಲ್ಲ ನಿಜ. ಆರೋಪಿಯ ಏಕೈಕ ದಾಖಲೆಯನ್ನು ಅವನ ಕೈಗೆ ಸಿಗದಂತೆ ಇಟ್ಟು ನಡೆಸುವ ವಿಚಾರಣೆಗೆ ವಿಚಾರಣೆ ಎನ್ನಲಾಗದು. ಆದರೆ ರಹದಾರಿ ಇದ್ದ ಮಾತ್ರಕ್ಕೆ ಹಡಗು ಫ್ರೆಂಚರದಾಗುತ್ತದೆಯೇ? ನಮ್ಮ ಸಮುದ್ರದಲ್ಲಿ ರಹದಾರಿ ಎಂದರೆ ಏನು ಅಂತ ನಮಗೆ ಗೊತ್ತು. ಪೋರ್ಚುಗೀಸರ ಕಾಲದಿಂದಲೇ 'ಕರ್ತಾಜ್' ಕೊಳ್ಳದೆ ಕರಾವಳಿಯ ವ್ಯಾಪಾರಿಗಳು ನೆಮ್ಮದಿಯಾಗಿ ಹಡಗು ಬಿಡುವಂತಿರಲಿಲ್ಲ. ಆಮೇಲೆ ಬೇರೆ ಬೇರೆ ಕಂಪನಿಗಳ ಪಾಸುಗಳೂ ಬಂದವು. ಅದು ಒಡೆತನದ ಪತ್ರ ಅಲ್ಲ, ನಮ್ಮನ್ನು ದೋಚಬೇಡಿ ಎಂದು ಕಟ್ಟಿದ ಕಪ್ಪದ ರಸೀದಿ. ಟೋಲ್ ಚೀಟಿ ಇದೆ ಅಂತ ಲಾರಿ ಟೋಲ್ ಕಂಪನಿಯದಾಗುತ್ತದೆಯೇ?

ಕಿಡ್ ಹಡಗನ್ನು ನೇರವಾಗಿ ಕೋರ್ಟಿಗೆ ತಂದಿದ್ದರೆ, ಆ ಹಳೆಯ ಪ್ರಶ್ನೆಪಟ್ಟಿಯನ್ನು ರೈಟ್‌ನ ಮುಂದೆ, ಕೋಜಾ ಬಾಬಾನ ಮುಂದೆ, ಆ ಮುದಿ ಫಿರಂಗಿಗಾರನ ಮುಂದೆ ಇಡುತ್ತಿದ್ದರು. ಸರಕು ತುಂಬಿದ್ದು ಯಾರು? ಯಾರ ಲೆಕ್ಕಕ್ಕೆ? ನಿನಗೆ ಹೇಗೆ ಗೊತ್ತು? ಅರ್ಧ ದಿನದಲ್ಲಿ ನಿಜ ಹೊರಬೀಳುತ್ತಿತ್ತು. ಬಹುಶಃ ಹಡಗು ಕೈತಪ್ಪುತ್ತಿತ್ತು, ತಲೆ ಉಳಿಯುತ್ತಿತ್ತು.

ಕೊನೆಗೆ ದುಡ್ಡು ಏನಾಯಿತು? ಕಿಡ್‌ನಿಂದ ವಶಪಡಿಸಿಕೊಂಡ ಸೊತ್ತು ಮಾರಿ ಬಂದ ಸುಮಾರು 6,400 ಪೌಂಡ್ ಇಂಗ್ಲಿಷ್ ನಾವಿಕರಿಗಾಗಿ ಕಟ್ಟಿದ ಗ್ರೀನಿಚ್ ಆಸ್ಪತ್ರೆಗೆ ಹೋಯಿತು. ಹಡಗಿನ ಅವಶೇಷ 2007ರಲ್ಲಿ ಡೊಮಿನಿಕನ್ ಗಣರಾಜ್ಯದ ಕಟಲೀನಾ ದ್ವೀಪದ ಬಳಿ ಪತ್ತೆಯಾಯಿತು. ಇವತ್ತು ಲಂಡನ್ನಿನ ಕ್ಯೂ ದಫ್ತರಖಾನೆಯಲ್ಲಿ 1652ರಿಂದ 1815ರವರೆಗೆ ಹಿಡಿದ ಸಾವಿರಾರು ಹಡಗುಗಳ ಕಾಗದಗಳಿವೆ, ವಿಳಾಸ ತಲುಪದ ಒಂದೂವರೆ ಲಕ್ಷಕ್ಕೂ ಹೆಚ್ಚು ಪತ್ರಗಳಿವೆ. ಒಂದೊಂದರಲ್ಲೂ ಯಾರೋ ಖಲಾಸಿ ಹಡಗು ಯಾರದೆಂದು ತನಗೆ ಗೊತ್ತಿದ್ದಷ್ಟು ಹೇಳಿದ್ದಾನೆ. ಕ್ವೆಡಾ ಮರ್ಚೆಂಟ್‌ನ ಖಲಾಸಿಗಳನ್ನು ಮಾತ್ರ ಹಾಗೆ ಕೂರಿಸಿ ಯಾರೂ ಕೇಳಲಿಲ್ಲ. ಕಿಡ್ ಪರವಾಗಿ ಮುನ್ನೂರು ವರ್ಷದಿಂದ ಎಷ್ಟೋ ಜನ ವಾದಿಸಿದ್ದಾರೆ. ಆ ಮೂರು ಬೇಲು ರುಮಾಲು ಕಳಕೊಂಡವನ ಪರವಾಗಿ ವಾದಿಸಿದವರು ನನಗಂತೂ ಕಾಣಲಿಲ್ಲ.

ಕಿಡ್ ಕಳ್ಳನೋ ಅಲ್ಲವೋ? ನಿಮ್ಮ ತೀರ್ಪನ್ನು ಕೆಳಗೆ ಬರೆಯಿರಿ. ಕಾರವಾರದ ಕಡೆಯವರು ಯಾರಾದರೂ ಇದ್ದರೆ, ಆ ಹಳೆಯ ಇಂಗ್ಲಿಷ್ ಕೋಠಿಯ ಬಗ್ಗೆ ಊರಿನಲ್ಲಿ ಏನಾದರೂ ಮಾತಿದೆಯೇ ಅಂತಲೂ ತಿಳಿಸಿ.