ಬಡವರ ಮೇಲೆ ತೆರಿಗೆ ಹಾಕುವುದು ಪಾಪವೇ? ಅಲಬಾಮಾ ಕೊಟ್ಟ ಉತ್ತರ

ಅಮೆರಿಕದಲ್ಲಿ ಧರ್ಮ ಮತ್ತು ತೆರಿಗೆ ಕಡಿತ ಕೈಕೈ ಹಿಡಿದು ಓಡಾಡುವುದು ಮಾಮೂಲು. ಆದರೆ ರಿಪಬ್ಲಿಕನ್ ಗವರ್ನರ್ ಒಬ್ಬರು ಬೈಬಲ್ ಮುಂದಿಟ್ಟು 'ಉಳ್ಳವರು ಹೆಚ್ಚು ತೆರಿಗೆ ಕಟ್ಟಲಿ' ಅಂದಿದ್ದೂ ಉಂಟು. ಅದು 2003ರಲ್ಲಿ, ದಕ್ಷಿಣದ ಅಲಬಾಮಾ ರಾಜ್ಯದಲ್ಲಿ.

ಸಮಸ್ಯೆ ಏನಿತ್ತು?

ನಾಲ್ಕು ಜನರ ಕುಟುಂಬ ವರ್ಷಕ್ಕೆ 4,600 ಡಾಲರ್ ದುಡಿದರೆ ಸಾಕು, ಅಲ್ಲಿ ಆದಾಯ ತೆರಿಗೆ ಶುರುವಾಗುತ್ತಿತ್ತು. ಹಾಲು, ಬ್ರೆಡ್ ಮೇಲೂ ಶೇ 4ರಷ್ಟು ರಾಜ್ಯದ ಮಾರಾಟ ತೆರಿಗೆ. ಸ್ಥಳೀಯ ತೆರಿಗೆ ಬೇರೆ. ಆಸ್ತಿ ತೆರಿಗೆ ಮಾತ್ರ ದೇಶದಲ್ಲೇ ಅತಿ ಕಡಿಮೆ. ಆದಾಯ ತೆರಿಗೆ ಶೇ 5 ಮೀರದಂತೆ ರಾಜ್ಯ ಸಂವಿಧಾನವೇ ಬೇಲಿ ಹಾಕಿತ್ತು. ಹೀಗಾಗಿ ಕಡುಬಡವರು ತಮ್ಮ ಆದಾಯದ ಶೇ 10ಕ್ಕಿಂತ ಹೆಚ್ಚು ಕಟ್ಟಿದರೆ, ಭಾರೀ ಶ್ರೀಮಂತರು ಕಟ್ಟುತ್ತಿದ್ದದ್ದು ಶೇ 4ರ ಆಸುಪಾಸು. ಶಾಲೆಗೆ, ಬಡವರ ಆರೋಗ್ಯಕ್ಕೆ ದುಡ್ಡು ಸದಾ ಕಮ್ಮಿ.

ಧರ್ಮ ಎಲ್ಲಿಂದ ಬಂತು?

ಅಲಬಾಮಾ ವಿಶ್ವವಿದ್ಯಾಲಯದ ತೆರಿಗೆ ಕಾನೂನು ಪ್ರಾಧ್ಯಾಪಕಿ ಸೂಸನ್ ಪೇಸ್ ಹ್ಯಾಮಿಲ್, ರಜೆ ಹಾಕಿ ದೇವಶಾಸ್ತ್ರ ಓದಲು ಹೋದರು. ಇಂಥ ವ್ಯವಸ್ಥೆ ಬೈಬಲ್‌ನ ನೀತಿಗೇ ವಿರುದ್ಧ ಎಂದು 2002ರಲ್ಲಿ ಪ್ರಬಂಧ ಬರೆದರು. ಬ್ಯಾಪ್ಟಿಸ್ಟ್ ಪಂಥದ ಗವರ್ನರ್ ಬಾಬ್ ರೈಲಿ ಅದೇ ದನಿಯಲ್ಲಿ ಮಾತಾಡಿದರು. ಅವರ ಮುಂದೆ 67.5 ಕೋಟಿ ಡಾಲರ್ ಕೊರತೆಯೂ ಇತ್ತು ಅನ್ನೋದನ್ನು ಮರೆಯಬಾರದು. ಬಡವರಿಗೆ ಆದಾಯ ತೆರಿಗೆ ಇಳಿಸಿ, ಶ್ರೀಮಂತರಿಂದ, ದೊಡ್ಡ ಭೂಮಾಲೀಕರಿಂದ ಹೆಚ್ಚು ಪಡೆದು, ಒಟ್ಟು 120 ಕೋಟಿ ಡಾಲರ್ ಎತ್ತುವ ಯೋಜನೆ ಮುಂದಿಟ್ಟರು.

ವಿರೋಧಿಸಿದ್ದು ಯಾರು?

ಇಲ್ಲೇ ಇರೋದು ಸ್ವಾರಸ್ಯ. ಅಲಬಾಮಾದ ಕ್ರಿಶ್ಚಿಯನ್ ಕೊಯಲಿಷನ್ ವಿರೋಧಿಸಿತು. ಅದರ ರಾಷ್ಟ್ರೀಯ ಸಂಘಟನೆಯ ಅಧ್ಯಕ್ಷೆ ಬೆಂಬಲಿಸಿದರು. ಒಂದೇ ಗ್ರಂಥ, ಎರಡು ಲೆಕ್ಕ. ದಾನ ಮನಸ್ಸಿನಿಂದ ಬರಬೇಕು, ಸರ್ಕಾರದ ಬಲವಂತದಿಂದಲ್ಲ ಅನ್ನೋದು ತೆರಿಗೆ ವಿರೋಧಿ ಧಾರ್ಮಿಕರ ಹಳೆಯ ವಾದ. ಸೆಪ್ಟೆಂಬರ್ 9ರಂದು ಜನಮತ ನಡೆಯಿತು. ಮೂವರಲ್ಲಿ ಇಬ್ಬರು 'ಬೇಡ' ಅಂದರು. ಲಾಭ ಆಗಬೇಕಿದ್ದ ಬಡವರಲ್ಲೂ ಎಷ್ಟೋ ಜನ ವಿರುದ್ಧವೇ ಇದ್ದರು. ಎತ್ತಿದ ಹಣ ನಮಗೇ ಬರುತ್ತೆ ಅನ್ನೋ ನಂಬಿಕೆ ಅವರಿಗಿರಲಿಲ್ಲ.

ಆಮೇಲೆ?

2006ರಲ್ಲಿ ತೆರಿಗೆ ಮಿತಿ 12,600 ಡಾಲರ್‌ಗೆ ಏರಿತು. ದಿನಸಿ ಮೇಲಿನ ರಾಜ್ಯ ತೆರಿಗೆ 2023ರಲ್ಲಿ ಶೇ 3ಕ್ಕೆ, 2025ರಲ್ಲಿ ಶೇ 2ಕ್ಕೆ ಇಳಿಯಿತು. ಗಮನಿಸಿ: ಬಡವರ ಹೊರೆ ಇಳಿಸುವ ಅರ್ಧ ಭಾಗ ಪಾಸಾಯಿತು, ಉಳ್ಳವರಿಂದ ಹೆಚ್ಚು ಪಡೆಯುವ ಅರ್ಧ ಭಾಗ ಆಗಲಿಲ್ಲ.

ಇದು ಹಳೇ ಕಥೆ ಅಂತ ಬದಿಗಿಡುವಂತಿಲ್ಲ. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನು ತೆರಿಗೆ ಕಡಿತ ಮುಂದುವರಿಸಿ, ಬಡವರ ಆರೋಗ್ಯ ಯೋಜನೆ ಮೆಡಿಕೇಡ್‌ಗೆ ಕತ್ತರಿ ಹಾಕಿದಾಗಲೂ ಕ್ಯಾಥೊಲಿಕ್ ಬಿಷಪ್‌ಗಳು ಆ ಕತ್ತರಿಯನ್ನು ಆಕ್ಷೇಪಿಸಿದ್ದರು. ಕಾನೂನು ನಿಲ್ಲಲಿಲ್ಲ.

ಬಡವರ ಪರ ನೀತಿಬೋಧೆ ಸುಲಭ. ಕಟ್ಟಿದ ತೆರಿಗೆ ಮಗಳ ಶಾಲೆಗೆ, ಅಮ್ಮನ ಔಷಧಿಗೆ ಬಂದೇ ಬರುತ್ತೆ ಅಂತ ನಂಬಿಸೋದು ಕಷ್ಟ. ರೈಲಿ ಸೋತದ್ದು ಅಲ್ಲಿ.