ದೂರದ ಬೆಟ್ಟ, ಚಿಟಿಕೆ ಉಪ್ಪು

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನು ಬಲ್ಲದವರಿಲ್ಲ. ಆದರೆ ದೂರದ ಬೆಟ್ಟವು ಒಮ್ಮೊಮ್ಮೆ ಇರುವುದಕ್ಕಿಂತ ಹೆಚ್ಚು ಕರಾಳವಾಗಿ ಕಾಣುವುದೂ ಉಂಟು. ಅಲ್ಲಿಲ್ಲದ ಭೂತಗಳನ್ನು ಅದರ ಕಣಿವೆಗಳಲ್ಲಿ ಕಾಣುವವರೂ ಉಂಟು. ಹೀಗೆ ಬಂದುಹೋದವರ ಕಣ್ಣಿಗೆ ಬಿದ್ದು ನೊಂದ ಪುಟ್ಟ ಸೀಮೆಯೊಂದು ಸ್ಪೇನ್ ದೇಶದ ಪಶ್ಚಿಮದಲ್ಲಿದೆ. ಅದರ ಹೆಸರು ಲಾಸ್ ಉರ್ದೆಸ್. ಅಲ್ಲಿಗೆ ಯಾರು ಯಾರು ಹೋದರು, ಏನನ್ನು ಕಂಡರು, ಅದರಿಂದ ಆ ಹಳ್ಳಿಗರಿಗೆ ಒದಗಿದ್ದೇನು ಎಂಬುದೇ ಇಲ್ಲಿ ನನ್ನ ವಿಷಯ. ನಾನು ಆ ನೆಲವನ್ನು ಮೆಟ್ಟಿದವನಲ್ಲ. ಪುಸ್ತಕ, ಚಿತ್ರಗಳ ಮೂಲಕ ಕಂಡವನು. ಆದ್ದರಿಂದ ದೂರದಿಂದ ನೋಡುವವರ ದೋಷ ನನಗೂ ತಟ್ಟದೆ ಇಲ್ಲ.

ಎಸ್ತ್ರೆಮದೂರ ಪ್ರಾಂತದ ಉತ್ತರದ ಅಂಚಿನಲ್ಲಿ, ಸಲಮಾಂಕ ಸೀಮೆಯ ಬೆಟ್ಟಗಳಿಗೆ ಒತ್ತಿಕೊಂಡು, ಸುಮಾರು ೪೭೦ ಚದರ ಕಿಲೋಮೀಟರುಗಳಷ್ಟು ಹಬ್ಬಿದ ನಾಡು ಇದು. ಒಂದರ ಬೆನ್ನಿಗೊಂದು ಬೆಟ್ಟ, ನಡುವೆ ಹಾವಿನಂತೆ ಸುತ್ತುವ ಹೊಳೆಗಳು, ಹೊಳೆಯ ದಂಡೆಗೆ ಅಂಟಿಕೊಂಡ ಹಳ್ಳಿಗಳು. ನುನ್ಯೊಮೊರಾಲ್, ಪಿನೊಫ್ರಾಂಕೆಯಾದೊ ಮೊದಲಾದ ಐದು ಊರಾಡಳಿತಗಳ ಕೆಳಗೆ ಮಾರ್ತಿಲಾಂದ್ರಾನ್, ಫ್ರಗೋಸ, ಎಲ್ ಗಾಸ್ಕೊ ಎಂಬಂಥ ಕಿರುಹಳ್ಳಿಗಳು ಹಲವು. ಪದರುಗಲ್ಲನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ತಗ್ಗು ಮನೆಗಳು; ಮಾಡಿಗೂ ಅದೇ ಕಲ್ಲು. ಹಳೆಯ ಮನೆಗಳಲ್ಲಿ ಹಲವಕ್ಕೆ ಕಿಟಕಿಯಿರಲಿಲ್ಲ, ಹೊಗೆಗಂಡಿಯೂ ಇರಲಿಲ್ಲ. ದೂರದಿಂದ ನೋಡಿದವರಿಗೆ ಊರು ಯಾವುದು, ಬಂಡೆ ಯಾವುದು ಎಂದು ತಿಳಿಯುತ್ತಿರಲಿಲ್ಲವಂತೆ.

ಅಲ್ಲಿ ಬೇಸಾಯಕ್ಕೆ ನೆಲವೇ ಇರಲಿಲ್ಲ, ನೆಲವನ್ನು ಮಾಡಿಕೊಳ್ಳಬೇಕಾಗಿತ್ತು. ಹೊಳೆಯಂಚಿನಲ್ಲಿ ಕಲ್ಲಿನ ತಡೆಗೋಡೆ ಕಟ್ಟಿ, ಮಣ್ಣನ್ನು ಹೊತ್ತು ತಂದು ತುಂಬಿ, ಅಂಗಳದಷ್ಟು ಅಗಲದ ಗದ್ದೆಯಲ್ಲಿ ಆಲೂಗೆಡ್ಡೆಯನ್ನೋ ಹುರುಳಿಕಾಯಿಯನ್ನೋ ಬೆಳೆಯುತ್ತಿದ್ದರು. ಒಂದು ನೆರೆ ಬಂದರೆ ವರ್ಷಗಳ ಶ್ರಮ ನೀರುಪಾಲು. ನೆರೆ ಇಳಿದ ಮೇಲೆ ಮತ್ತೆ ಬುಟ್ಟಿ ಹೊರುವುದು. ಇಂಥವರನ್ನು ಸೋಮಾರಿಗಳೆಂದು ಕರೆದವರು ಇದ್ದರೆಂದರೆ ನಂಬುವುದು ಕಷ್ಟ. ಆದರೂ ಇದ್ದರು.

ಕಟ್ಟುಕಥೆ ಹುಟ್ಟಿದುದು ಬಹಳ ಹಿಂದೆಯೇ. ನೆರೆಯ ಬತುವೇಕಸ್ ಕಣಿವೆಯಲ್ಲಿ ಹೊರಲೋಕದ ಅರಿವೇ ಇಲ್ಲದ ಜನರಿದ್ದರೆಂದೂ, ಆಲ್ಬ ಪ್ರಭುವಿನ ಮನೆಯಿಂದ ಓಡಿಹೋದ ಪ್ರೇಮಿಗಳಿಬ್ಬರು ಅವರನ್ನು ಕಂಡುಹಿಡಿದರೆಂದೂ ಒಂದು ಕಥೆ. ಸ್ಪೇನಿನ ಮಹಾನಾಟಕಕಾರ ಲೋಪೆ ದೆ ವೇಗ ಇದನ್ನು ನಾಟಕವಾಗಿಯೇ ಬರೆದನು. ೧೭೩೦ರಲ್ಲಿ ಫೆಯ್ಹೋ ಎಂಬ ವಿದ್ವಾಂಸ ಸಂನ್ಯಾಸಿಯು ಇದು ಶುದ್ಧ ಕಲ್ಪನೆಯೆಂದು ವಾದಿಸಿ ತೋರಿಸಿದನು. ಆದರೆ ಕಥೆಗೆ ಇರುವಷ್ಟು ಆಯುಸ್ಸು ಖಂಡನೆಗೆ ಎಲ್ಲಿಯದು? ಹತ್ತೊಂಬತ್ತನೆಯ ಶತಮಾನದ ನಡುವೆ ಮಾದೋಸ್ ಎಂಬವರು ಹೊರತಂದ ಭೂಗೋಳ ನಿಘಂಟು ಕೂಡ ಉರ್ದೆಸ್ ಜನರನ್ನು ಕಾಡುಮನುಷ್ಯರೆಂಬಂತೆ ಬಣ್ಣಿಸಿತು. ಓದಿದವರು ನಂಬಿದರು. ಹಳ್ಳಿಗರಿಗೆ ಓದು ಬರುತ್ತಿರಲಿಲ್ಲ. ಉತ್ತರ ಕೊಡುವವರು ಯಾರು?

ಆ ಜನರ ಕಷ್ಟ ಮಾತ್ರ ಕಟ್ಟುಕಥೆಯಲ್ಲ. ಹಸಿವಿತ್ತು, ಮಲೇರಿಯ ಜ್ವರವಿತ್ತು. ಅನೇಕರ ಕೊರಳಲ್ಲಿ ಗಳಗಂಡ ತೂಗುತ್ತಿತ್ತು. ಮೈ ಬೆಳೆಯದೆ ಕುಳ್ಳಾಗಿ, ಬುದ್ಧಿಯೂ ಬಲಿಯದೆ ಉಳಿದ ಮಕ್ಕಳು ಮನೆಮನೆಯಲ್ಲೂ ಕಾಣುತ್ತಿದ್ದರೆಂದು ನೋಡಿದವರು ಬರೆದಿದ್ದಾರೆ. ಇದು ರಕ್ತದ ದೋಷವೆಂದು ಕೆಲವರು ಹೇಳಿದರು. ನಡತೆಯ ದೋಷವೆಂದು ಮತ್ತೆ ಕೆಲವರು.

೧೯೨೨ರ ಏಪ್ರಿಲ್‌ನಲ್ಲಿ ಗ್ರೆಗೋರಿಯೊ ಮರಾನ್ಯೋನ್ ಎಂಬ ಹೆಸರಾಂತ ವೈದ್ಯರು ಜೊತೆಗಾರರೊಡನೆ ಈ ಕಣಿವೆಗಳಿಗೆ ಬಂದು ಪರೀಕ್ಷೆ ನಡೆಸಿದರು. ಎರಡು ತಿಂಗಳ ತರುವಾಯ, ಜೂನ್‌ನಲ್ಲಿ, ದೊರೆ ಹದಿಮೂರನೆಯ ಅಲ್ಫಾನ್ಸೊ ತಾನೇ ಹೊರಟನು. ಗಾಡಿಯ ದಾರಿಯಿಲ್ಲದ ಕಡೆ ಕುದುರೆಯೇರಿ ಹಳ್ಳಿಯಿಂದ ಹಳ್ಳಿಗೆ ಸುತ್ತಿದನು. ಜೊತೆಯಲ್ಲಿ ಮಂತ್ರಿ, ವೈದ್ಯ, ಛಾಯಾಚಿತ್ರಗ್ರಾಹಕ. ಬರಿಗಾಲಿನ ಹಳ್ಳಿಗರ ನಡುವೆ ನಿಂತ ಅರಸನ ಚಿತ್ರಗಳು ದೇಶದಲ್ಲೆಲ್ಲ ಹರಡಿದವು. ಅದೇ ವರ್ಷ ಉರ್ದೆಸ್ ಸೀಮೆಯ ಏಳಿಗೆಗಾಗಿ ರಾಜಾಶ್ರಯದ ಮಂಡಲಿಯೊಂದು ಸ್ಥಾಪನೆಯಾಯಿತು. ರಸ್ತೆ, ಶಾಲೆ, ವೈದ್ಯಸಹಾಯ ಮೆಲ್ಲಮೆಲ್ಲನೆ ಒಳಗೆ ಬರತೊಡಗಿದವು. ಅರಸನ ಸವಾರಿ ಬರಿಯ ಮೆರವಣಿಗೆಯಾಗಿತ್ತೆಂದು ಹೇಳಿದರೆ ಅನ್ಯಾಯವಾದೀತು.

ಹನ್ನೊಂದು ವರ್ಷ ಕಳೆಯಿತು. ಅರಸೊತ್ತಿಗೆ ಹೋಗಿ ಗಣರಾಜ್ಯ ಬಂದಿತ್ತು. ೧೯೩೩ರ ವಸಂತದಲ್ಲಿ ಲೂಯಿಸ್ ಬುನ್ಯುವೆಲ್ ಎಂಬ ತರುಣ ನಿರ್ದೇಶಕನು ಚಲನಚಿತ್ರದ ಯಂತ್ರ ಹೊತ್ತು ಅಲ್ಲಿಗೆ ಬಂದನು. ಹಣ ಕೊಟ್ಟವನು ಉಯೆಸ್ಕ ಪಟ್ಟಣದಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಉಪಾಧ್ಯಾಯ, ರಮೋನ್ ಅಸೀನ್. ಲಾಟರಿ ಬಂದರೆ ನಿನ್ನ ಚಿತ್ರಕ್ಕೆ ಹಣ ಕೊಡುತ್ತೇನೆಂದು ಆತನು ಗೆಳೆಯನಿಗೆ ಮಾತು ಕೊಟ್ಟಿದ್ದನು. ಲಾಟರಿ ಬಂದಿತು, ಮೇಷ್ಟರು ಮಾತು ಉಳಿಸಿಕೊಂಡರು. ೧೯೩೬ರ ಆಗಸ್ಟ್‌ನಲ್ಲಿ, ಅಂತರ್ಯುದ್ಧದ ಮೊದಲ ವಾರಗಳಲ್ಲಿಯೇ, ಬಂಡಾಯಗಾರರು ಆತನನ್ನು ಗುಂಡಿಟ್ಟು ಕೊಂದರು. ಅದೇ ತಿಂಗಳು ಆತನ ಪತ್ನಿಯನ್ನೂ ಕೊಂದರು.

‘ರೊಟ್ಟಿಯಿಲ್ಲದ ನಾಡು’ ಎಂಬ ಆ ಚಿತ್ರ ಅರ್ಧಗಂಟೆಗಿಂತ ಹೆಚ್ಚಿನದಲ್ಲ. ನೋಡಿದವರು ಮರೆಯಲಾರರು. ಅದರಲ್ಲಿ ಶಾಲೆಯ ದೃಶ್ಯವೊಂದಿದೆ. ಬರಿಗಾಲಿನ, ಹಸಿದ ಮಕ್ಕಳು ಸಾಲಾಗಿ ಕುಳಿತಿದ್ದಾರೆ. ಅವರಲ್ಲೊಬ್ಬನು ಪರರ ಸೊತ್ತನ್ನು ಗೌರವಿಸಬೇಕೆಂಬ ನೀತಿವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಾನೆ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ನನ್ನಂಥವನಿಗೆ ಆ ಹಲಗೆಯಿಂದ ಕಣ್ಣು ಕೀಳುವುದು ಸುಲಭವಲ್ಲ. ನಾವು ಬರೆಸಿದ ನೀತಿವಾಕ್ಯಗಳೆಷ್ಟು, ಹಸಿವೇನೆಂದು ಕೇಳಿದ ದಿನಗಳೆಷ್ಟು?

ಆದರೆ ಇಲ್ಲಿಯೂ ಕಲ್ಪನೆ ನುಸುಳಿದೆ. ಬಂಡೆಯಿಂದ ಮೇಕೆಯೊಂದು ಕಾಲುಜಾರಿ ಬೀಳುವಂತೆ ತೋರಿಸಿದ್ದಾರೆ. ಗಮನವಿಟ್ಟು ನೋಡಿದರೆ ಚಿತ್ರದ ಅಂಚಿನಲ್ಲಿ ಕೋವಿಯ ಹೊಗೆ ಕಾಣುತ್ತದೆ. ಮೇಕೆ ಬಿದ್ದುದಲ್ಲ, ಬೀಳಿಸಿದುದು. ಗಣರಾಜ್ಯದ ಸರ್ಕಾರ ಚಿತ್ರವನ್ನು ನಿಷೇಧಿಸಿತು. ಮರಾನ್ಯೋನರ ನೆರವು ಕೋರಿದಾಗ, ಪಕ್ಕದ ಲಾ ಆಲ್ಬೆರ್ಕ ಊರಿನ ಸೊಗಸಾದ ಕುಣಿತಗಳನ್ನು ಏಕೆ ತೋರಿಸಲಿಲ್ಲವೆಂದು ಅವರು ಕೇಳಿದರೆಂಬುದು ಬುನ್ಯುವೆಲ್‌ನ ಮಾತು. ಸತ್ಯ ಹೇಳಹೊರಟವನು ಅದಕ್ಕೆ ಸುಳ್ಳಿನ ಒಗ್ಗರಣೆ ಹಾಕಿದನು. ಕಷ್ಟವನ್ನು ಕಣ್ಣಾರೆ ಕಂಡಿದ್ದ ವೈದ್ಯರು ಕುಣಿತ ತೋರಿಸೆಂದರು. ಉರ್ದೆಸ್ ಜನರಿಗೆ ಮಾತ್ರ ಆ ಚಿತ್ರದ ಕಳಂಕ ತಲೆಮಾರುಗಳವರೆಗೆ ಅಂಟಿಕೊಂಡಿತು.

ಈಗ ಗಳಗಂಡಕ್ಕೆ ಮರಳೋಣ. ಅದರ ಮೂಲ ರಕ್ತವೂ ಅಲ್ಲ, ನಡತೆಯೂ ಅಲ್ಲ. ಮಳೆಯ ನೀರು ಬೆಟ್ಟದ ಮಣ್ಣಿನಿಂದ ಅಯೊಡಿನ್ ಎಂಬ ಧಾತುವನ್ನು ತೊಳೆದುಕೊಂಡು ಹೋಗುತ್ತದೆ. ಆ ಮಣ್ಣಿನಲ್ಲಿ ಬೆಳೆದುದನ್ನೇ ಉಂಡು ಬಾಳುವವರಿಗೆ ಅದು ಸಾಲದೆ ಹೋಗುತ್ತದೆ. ಕೊರಳಿನ ಥೈರಾಯಿಡ್ ಗ್ರಂಥಿ ಊದಿಕೊಳ್ಳುತ್ತದೆ. ಬಸುರಿಗೆ ಅದರ ಕೊರತೆ ತೀವ್ರವಾದರೆ ಗರ್ಭದಲ್ಲಿರುವ ಶಿಶುವಿನ ಮಿದುಳೇ ಸರಿಯಾಗಿ ಬೆಳೆಯದು. ಥೈರಾಯಿಡ್‌ನಲ್ಲಿ ಅಯೊಡಿನ್ ಇದೆಯೆಂದು ವಿಜ್ಞಾನಿಗಳು ೧೮೯೫ರ ಸುಮಾರಿಗೇ ಕಂಡುಕೊಂಡಿದ್ದರು. ಅಲ್ಫಾನ್ಸೊ ದೊರೆ ಕುದುರೆಯೇರಿದ ೧೯೨೨ರಲ್ಲಿಯೇ ಸ್ವಿಟ್ಜರ್ಲೆಂಡಿನ ಬೆಟ್ಟಸೀಮೆಯಲ್ಲಿ ಉಪ್ಪಿಗೆ ಅಯೊಡಿನ್ ಬೆರೆಸಿ ಹಂಚುವ ಕೆಲಸ ಮೊದಲಾಗಿತ್ತು.

ಸ್ಪೇನಿನಲ್ಲಿ ಅಂಥ ಉಪ್ಪಿಗೆ ಕಾನೂನು ಬಂದುದು ಯಾವಾಗ ಗೊತ್ತೆ? ೧೯೮೩ರಲ್ಲಿ! ನಡುವೆ ೬೧ ವರ್ಷ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಾಬ್ರಿಯೆಲ ಮೊರ್ರೆಯಾಲೆ, ಫ್ರಾನ್ಸಿಸ್ಕೊ ಎಸ್ಕೊಬಾರ್ ದೆಲ್ ರೇ ಎಂಬ ವಿಜ್ಞಾನಿ ದಂಪತಿಗಳು ಉರ್ದೆಸ್‌ನ ಶಾಲಾಮಕ್ಕಳನ್ನು ಪರೀಕ್ಷಿಸಿದಾಗ ಗಳಗಂಡ ಅಲ್ಲಿ ಇನ್ನೂ ಇದ್ದಿತು. ರಸ್ತೆ ಬಂದಿತ್ತು, ಶಾಲೆ ಬಂದಿತ್ತು. ಚಿಟಿಕೆ ಉಪ್ಪು ಬಂದಿರಲಿಲ್ಲ. ಈ ದಂಪತಿಗಳು ಚಿತ್ರ ತೆಗೆದು ಹೊರಟುಹೋಗಲಿಲ್ಲ. ಮತ್ತೆ ಮತ್ತೆ ಬಂದರು, ಅಳೆದರು, ಬರೆದರು, ಸರ್ಕಾರದ ಕಿವಿಗೆ ಬೀಳುವವರೆಗೆ ಹೇಳಿದರು.

ನಮ್ಮ ದೇಶದ ಕಥೆಯನ್ನೂ ಇಲ್ಲಿ ನೆನೆಯಬಹುದು. ಹಿಮಾಲಯದ ಅಡಿಯ ಕಾಂಗ್ಡಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ೧೯೫೬ರಲ್ಲಿ ಇದೇ ಬಗೆಯ ಉಪ್ಪಿನ ಪ್ರಯೋಗಕ್ಕೆ ತೊಡಗಿದರು. ೧೯೬೨ರಲ್ಲಿ ಗಳಗಂಡ ನಿವಾರಣೆಯ ರಾಷ್ಟ್ರೀಯ ಯೋಜನೆ ಹೊರಟಿತು. ನಮ್ಮ ಅಡುಗೆಮನೆಯ ಉಪ್ಪಿನ ಪೊಟ್ಟಣದ ಮೇಲೆ ಇಂದು ಕಾಣುವ ‘ಅಯೊಡಿನ್’ ಎಂಬ ಪದದ ಹಿಂದೆ ಇಂಥ ಕಣಿವೆಗಳ ಕಣ್ಣೀರಿದೆ.

೧೯೯೮ರಲ್ಲಿ ಅಲ್ಫಾನ್ಸೊ ದೊರೆಯ ಮೊಮ್ಮಗ ಹ್ವಾನ್ ಕಾರ್ಲೋಸ್ ಅರಸನೂ ಉರ್ದೆಸ್‌ಗೆ ಭೇಟಿಯಿತ್ತನು. ಈಗ ಅಲ್ಲಿ ಡಾಂಬರು ರಸ್ತೆಗಳಿವೆ. ಜೇನು, ಆಲಿವ್ ಎಣ್ಣೆಗಳಿಗೆ ಸೀಮೆ ಹೆಸರಾಗಿದೆ. ಹೊಳೆಯ ತಿರುವುಗಳ ಚೆಲುವನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಊರಿನ ಮಕ್ಕಳು ಅನೇಕರು ಬದುಕನ್ನರಸಿ ನಗರಗಳಿಗೆ ಹೋಗಿದ್ದಾರೆ.

ಹಳ್ಳಿಯನ್ನು ನೋಡಿ ಬರುವುದು ಸುಲಭ, ಮರುಗುವುದೂ ಕಷ್ಟವಲ್ಲ. ಅರಸನು ಮರುಗಿದನು, ಕಲಾವಿದನು ಕೆರಳಿದನು. ಇಬ್ಬರೂ ಲೋಕದ ಕಣ್ಣನ್ನು ಆ ಕಣಿವೆಯತ್ತ ತಿರುಗಿಸಿದರು. ಅಷ್ಟು ಪುಣ್ಯ ಅವರಿಗೆ ಸಲ್ಲಬೇಕು. ಆದರೆ ಆ ತಾಯಂದಿರಿಗೆ ಬೇಕಾಗಿದ್ದುದು ಮರುಕವೂ ಅಲ್ಲ, ಕೆರಳಿಕೆಯೂ ಅಲ್ಲ. ಕಾಸಿನ ಬೆಲೆಯ ಒಂದು ಚಿಟಿಕೆ ಉಪ್ಪು. ಲೋಕಕ್ಕೆ ಅದರ ಗುಟ್ಟು ತಿಳಿದಿದ್ದರೂ ಅವರ ಗಡಿಗೆಗೆ ಅದು ಸೇರುವಷ್ಟರಲ್ಲಿ ಎರಡು ತಲೆಮಾರುಗಳು ಉರುಳಿದ್ದವು.